ಅಲುಗಾಡಿದ್ದು ಕೂಸೋ ಬಸ್ಸೋ

ಬನಶಂಕರಿ ಮೂರನೇ ಹಂತದ ಒಂದು ಸಣ್ಣ ಹೆರಿಗೆ ಆಸ್ಪತ್ರೆಯಲ್ಲಿ ನಾನು ನರ್ಸ್. ಬಹಳ ವರ್ಷ ಹೆರಿಗೆ ಕೋಣೆಯಲ್ಲೇ ಕೆಲಸ ಮಾಡಿದವಳು. ಮಂಡಿ ನೋವು ಜಾಸ್ತಿಯಾದ ಮೇಲೆ ನಮ್ಮ ಡಾಕ್ಟರಮ್ಮ ಒಂದು ದಿನ ನನ್ನನ್ನು ಕರೆದು, "ಸಿಸ್ಟರ್, ಇನ್ಮೇಲೆ ಶನಿವಾರ ಶನಿವಾರ ಗರ್ಭಿಣಿಯರಿಗೆ ನೀವೊಂದು ಕ್ಲಾಸ್ ತಗೊಳ್ಳಿ. ಹೊಟ್ಟೇಲಿ ಮಗು ಹೇಗೆ ಆಡ್ತಿದೆ ಅಂತ ಮನೇಲೇ ಗಮನಿಸೋದು ಹೇಗೆ, ಅಷ್ಟು ಹೇಳ್ಕೊಟ್ರೆ ಸಾಕು" ಅಂದರು. ಕೂತು ಮಾತಾಡುವ ಕೆಲಸ ತಾನೆ, ಮಂಡಿಗೂ ಒಳ್ಳೆಯದು ಎಂದು ಒಪ್ಪಿಕೊಂಡೆ.

ಔಷಧಿ ಕೌಂಟರಿನ ಹಿಂದಿನ ಹಾಲಿನಲ್ಲಿ ಚಾಪೆ, ದಿಂಬು ಹಾಕಿಸಿದೆವು. ಮಾತಾಡುವುದು ನಾನು ಅಂದುಕೊಂಡಷ್ಟು ಸುಲಭವಾಗಿರಲಿಲ್ಲ. ಮೊದಲ ಕೆಲವು ವಾರ ಮನೆಯಲ್ಲಿ ಕನ್ನಡಿ ಮುಂದೆ ನಿಂತು ಹೇಳಿಕೊಂಡು ಬಂದದ್ದನ್ನು ಹಾಗೇ ಒಪ್ಪಿಸುತ್ತಿದ್ದೆ. ಊಟ ಆದ ಮೇಲೆ ಎಡಮಗ್ಗುಲಾಗಿ ಮಲಗಿ. ಹೊಟ್ಟೆ ಮೇಲೆ ಕೈ ಇಟ್ಟುಕೊಳ್ಳಿ. ಟಿ.ವಿ. ಬೇಡ, ಫೋನು ಬೇಡ. ಒದೆಯುವುದು, ಹೊರಳುವುದು, ಮೆಲ್ಲಗೆ ಜಾರುವುದು, ಎಲ್ಲವೂ ಆಟವೇ. ಪ್ರತಿ ಮಗುವಿಗೂ ತನ್ನದೇ ಒಂದು ರೀತಿ ಇರುತ್ತದೆ, ಅದನ್ನು ತಿಳಿದುಕೊಳ್ಳಿ. ಆ ರೀತಿ ತಪ್ಪಿದರೆ, ಆಟ ಕಮ್ಮಿಯಾದರೆ, ನಾಳೆ ನೋಡೋಣ ಅನ್ನದೆ ಬಂದುಬಿಡಿ.

ಎಲ್ಲರೂ ತಲೆ ಆಡಿಸುತ್ತಿದ್ದರು. ಯಾರೂ ಏನೂ ಕೇಳುತ್ತಿರಲಿಲ್ಲ. ಜೆ.ಪಿ. ನಗರದ ಕಡೆಯಿಂದ ಬರುತ್ತಿದ್ದ, ಆಫೀಸ್ ಕೆಲಸದಲ್ಲಿದ್ದ ಒಬ್ಬ ಹುಡುಗಿ ಮಾತ್ರ ತನ್ನ ಫೋನಿನ ಆ್ಯಪ್ ತೋರಿಸುತ್ತಿದ್ದಳು. ಮಗು ಆಡಿದಾಗಲೆಲ್ಲ ಅದರಲ್ಲಿ ಒಂದು ಪುಟ್ಟ ಪಾದದ ಚಿತ್ರ ಒತ್ತಬೇಕಂತೆ. "ಗ್ರೀನ್ ಬಂದಿದೆ ಆಂಟಿ, ಹಂಗಾದ್ರೆ ಓಕೆ ಅಲ್ವಾ?" ಎಂದು ಕೇಳುವಳು. "ನಿನಗೆ ಏನನ್ನಿಸ್ತು?" ಎಂದು ನಾನು ಕೇಳಿದರೆ ಮತ್ತೆ ಫೋನ್ ನೋಡುವಳು.

ಹೀಗೆ ನಡೆಯುತ್ತಿದ್ದಾಗ ಒಂದು ಶನಿವಾರ, ಕ್ಲಾಸು ಅರ್ಧ ಮುಗಿದ ಮೇಲೆ ಒಬ್ಬಳು ಬಂದಳು. ಖಾಕಿ ಅಂಗಿ, ಮೇಲೊಂದು ದುಪಟ್ಟಾ, ಏಳು ತಿಂಗಳ ಹೊಟ್ಟೆ. ಸಿಟಿ ಬಸ್ಸಿನ ಕಂಡಕ್ಟರ್. ಊರು ಬಾಗಲಕೋಟೆ ಕಡೆ, ಈಗ ಇಟ್ಟಮಡುವಿನಲ್ಲಿ ಬಾಡಿಗೆ ಮನೆ. ಗಂಡ ಬಿ.ಟಿ.ಎಂ. ಲೇಔಟಿನ ಒಂದು ದೊಡ್ಡ ಆಫೀಸ್ ಕಟ್ಟಡದಲ್ಲಿ ಎಲೆಕ್ಟ್ರಿಷಿಯನ್. ಅವಳ ಹಿಂದೆಯೇ ಇಳಕಲ್ ಸೀರೆ ಉಟ್ಟು, ಹಣೆಗೆ ವಿಭೂತಿ ಇಟ್ಟ ಅತ್ತೆ. ಹುಡುಗಿಯ ತಾಯಿಗೆ ಹುಷಾರಿಲ್ಲದ ಕಾರಣ ಬಾಣಂತನ ಮಾಡಲು ಅತ್ತೆಯೇ ಊರಿಂದ ಬಂದಿದ್ದರು.

ನಾನು ಪಾಠ ಮುಗಿಸಿ ಎಂದಿನಂತೆ, "ಏನಾದ್ರೂ ಕೇಳೋದಿದೆಯಾ?" ಅಂದೆ. ಆಗ ಅವಳು ಕೈ ಎತ್ತಿದಳು.

"ಅಕ್ಕಾರ, ನಾ ದಿನಾ ಪೂರ್ತಿ ಬಸ್ಸಿನಾಗ ಇರ್ತೀನ್ರಿ. ನಮ್ಮ ರೂಟಿನ ರಸ್ತಾ ಹೆಂಗೈತಿ ನೀವು ನೋಡೇ ಇರ್ತೀರಿ. ಹೊಟ್ಟ್ಯಾಗ ಅಲುಗಾಡಿದ್ದು ಕೂಸೋ ಬಸ್ಸೋ, ನನಗ ಹೆಂಗ ಗೊತ್ತಾಗ್ಬೇಕ್ರಿ?"

ಹಾಲೆಲ್ಲ ನಗು. ಆ್ಯಪಿನ ಹುಡುಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಕೇಳಿದವಳು ಮಾತ್ರ ನಗಲಿಲ್ಲ. ಅವಳಿಗೆ ನಿಜವಾಗಿಯೂ ಉತ್ತರ ಬೇಕಿತ್ತು. ಅತ್ತೆಯೂ ನಗಲಿಲ್ಲ.

"ಕೂಸು ಆಡೋದನ್ನ ಸಾಲಿಗೆ ಬಂದು ಕಲೀಬೇಕೇನ್ರಿ ಬಾಯಾರ?" ಅಂದರು ಅವರು. "ನಾ ನಾಕು ಹಡದೀನಿ. ಹೊಲದಾಗ ಕೆಲಸಾ ಮಾಡ್ಕೋತ ಹಡದೀನಿ. ಯಾರು ಹೇಳಿಕೊಟ್ಟಾರ ನನಗ?"

ಅತ್ತೆಗೆ ಏನೋ ಒಂದು ಹೇಳಿ ಸಮಾಧಾನ ಮಾಡಿದೆ. ಸೊಸೆಯ ಪ್ರಶ್ನೆ ಬೇರೆಯೇ ಇತ್ತು. ನನ್ನ ಪಾಠವೆಲ್ಲ ಮಧ್ಯಾಹ್ನ ಊಟ ಮಾಡಿ ಮಲಗಲು ಮಂಚವಿದ್ದ ಹೆಂಗಸಿಗೆ ಹೇಳಿ ಮಾಡಿಸಿದ್ದು. ಅವಳ ಮಧ್ಯಾಹ್ನವೆಲ್ಲ "ಮುಂದಕ್ಕ ಹೋಗ್ರಿ, ಡೋರ್ ಬಿಡ್ರಿ" ಎನ್ನುವುದರಲ್ಲೇ ಕಳೆಯುತ್ತಿತ್ತು. "ಯೋಚನೆ ಮಾಡಿ ಹೇಳ್ತೀನಿ ಕಣಮ್ಮ" ಅಂದೆ. ಮಾತು ಬದಲಿಸಲು ಉಳಿದವರನ್ನು, "ನಿಮ್ಮದು ಯಾವಾಗ ಆಡತ್ತೆ?" ಎಂದು ಕೇಳಿದೆ.

ಅವತ್ತು ಮೊದಲ ಸಲ ಅವರೆಲ್ಲ ಬಾಯಿ ಬಿಟ್ಟರು. ಒಬ್ಬಳಿಗೆ ಕುಕ್ಕರ್ ಕೂಗಿದರೆ ಸಾಕಂತೆ. ಇನ್ನೊಬ್ಬಳದು ಗಂಡ ಆಫೀಸಿನಿಂದ ಬಂದು ಮಾತು ಶುರು ಮಾಡಿದ ತಕ್ಷಣ ಸುಮ್ಮನಾಗುತ್ತದಂತೆ. "ನಾನೂ ಹಂಗೇ" ಎಂದು ಅವಳೇ ಸೇರಿಸಿದಳು. ಆ್ಯಪಿನ ಹುಡುಗಿ ಸ್ವಲ್ಪ ಹೊತ್ತು ಯೋಚಿಸಿ, "ಮೀಟಿಂಗ್ ಮುಗಿದು ಹಿಂದಕ್ಕೆ ಒರಗ್ತೀನಲ್ಲ, ಆವಾಗ" ಅಂದಳು. ಫೋನು ಅವಳ ಚೀಲದಲ್ಲೇ ಇತ್ತು.

ಕಂಡಕ್ಟರ್ ಹುಡುಗಿಯ ಪ್ರಶ್ನೆ ಮಾತ್ರ ನನ್ನನ್ನು ಬಿಡಲಿಲ್ಲ. ಅವಳನ್ನು ಡಾಕ್ಟರಮ್ಮನ ಹತ್ತಿರ ಕಳಿಸಿದೆ. ಬಿ.ಪಿ., ರಕ್ತ ಎಲ್ಲ ಸರಿಯಿತ್ತು. ಆಫೀಸಿನಲ್ಲಿ ಕೂತು ಮಾಡುವ ಕೆಲಸ ಕೇಳಬಹುದಲ್ಲ ಎಂದು ಅವರು ಅಂದದ್ದಕ್ಕೆ, "ಕುಂತ್ರ ನಿದ್ದಿ ಬರ್ತೈತ್ರಿ ನನಗ. ಸಣ್ಣ ರೂಟ್ ಕೊಟ್ಟಾರ, ನಡುನಡುವ ಕುಂದರ್ತೀನಿ, ರಜಾ ಹತ್ರ ಬಂದೈತಿ" ಅಂದಳಂತೆ. ಡಾಕ್ಟರಮ್ಮ ಜೋಪಾನ ಹೇಳಿ ಒಪ್ಪಿದರು.

ಮುಂದಿನ ವಾರ ನನ್ನ ರಜೆಯ ದಿನ, ಶ್ರೀನಗರದ ನನ್ನ ಮನೆಯಿಂದ ಬನಶಂಕರಿ ಬಸ್ ನಿಲ್ದಾಣಕ್ಕೆ ಹೋಗಿ ಅವಳ ಬಸ್ಸು ಹುಡುಕಿ ಹತ್ತಿದೆ. ಉತ್ತರಹಳ್ಳಿ ಮೇಲೆ ವಸಂತಪುರಕ್ಕೆ ಹೋಗುವ ಬಸ್ಸು. ನನ್ನನ್ನು ನೋಡಿ ಅವಳ ಮುಖ ಅರಳಿತು. ಕಿಟಕಿ ಪಕ್ಕದ ಸೀಟು ತೋರಿಸಿದಳು. ಟಿಕೆಟ್ ಕೊಡಲು ಬಂದಾಗ ಮಾತ್ರ ಗಟ್ಟಿಯಾಗಿ, "ಆಧಾರ್ ತೋರಿಸ್ರಿ" ಅಂದಳು.

"ನಾನೇ ಕಣಮ್ಮ," ಅಂದೆ.

"ಅದು ನನಗ ಗೊತ್ತೈತ್ರಿ ಅಕ್ಕಾರ. ಆಧಾರ್ ತೋರಿಸಿದ್ರ ಫ್ರೀ ಟಿಕೆಟ್. ಇಲ್ಲಂದ್ರ ರೊಕ್ಕಾ ಕೊಡ್ರಿ."

ಚೀಲ ತಡಕಿ ಆಧಾರ್ ತೆಗೆದು ತೋರಿಸಿದೆ. ಪಕ್ಕದಲ್ಲಿ ಕೂತಿದ್ದ ತರಕಾರಿ ಚೀಲದ ಹೆಂಗಸು, "ಇವಳು ಸ್ವಂತ ಅತ್ತೇನೂ ಬಿಡಲ್ಲ ಬಿಡಿ" ಅಂದಳು.

ದಾರಿಯುದ್ದಕ್ಕೂ ಅವಳನ್ನೇ ನೋಡುತ್ತಿದ್ದೆ. ಒಂದು ಕೈಯಲ್ಲಿ ಮೇಲಿನ ಕಂಬಿ, ಇನ್ನೊಂದು ಕೈಯಲ್ಲಿ ಟಿಕೆಟ್ ಮಷೀನು. ಬಸ್ಸು ಹಳ್ಳಕ್ಕೆ ಇಳಿದಾಗ ಬೆನ್ನನ್ನು ಸೀಟಿಗೆ ಒತ್ತಿ ನಿಲ್ಲುವಳು. ನಾನು ಕಣ್ಣಲ್ಲೇ ಕೇಳಿದಾಗಲೆಲ್ಲ ತಲೆ ಅಡ್ಡ ಆಡಿಸುವಳು. ಏನೂ ಗೊತ್ತಾಗುತ್ತಿಲ್ಲ ಎಂದರ್ಥ. ನನಗೂ ಅಷ್ಟರಲ್ಲಿ ಸೊಂಟ ಹಿಡಿದುಕೊಂಡಿತ್ತು.

ವಸಂತಪುರದ ಕೊನೆಯ ಸ್ಟಾಪಿನಲ್ಲಿ ಎಲ್ಲರೂ ಇಳಿದರು. ಡ್ರೈವರ್ ಎಂಜಿನ್ ಆಫ್ ಮಾಡಿ ಟೀ ಅಂಗಡಿ ಕಡೆ ಹೊರಟರು. ಕನಕಪುರ ಕಡೆಯ, ವಯಸ್ಸಾದ ಮನುಷ್ಯ. ಬಸ್ಸಿನೊಳಗೆ ನಾವಿಬ್ಬರೇ. ಅವಳು ತನ್ನ ಸೀಟಿನಲ್ಲಿ ಕೂತು, ಶೂ ಬಿಚ್ಚಿ, ಎದುರಿನ ಕಂಬಿಗೆ ಕಾಲು ಚಾಚಿದಳು. ನಾನು ಅವಳ ಪಕ್ಕ ಕೂತು, "ಕೈ ಇಡು. ಮಾತಾಡಬೇಡ, ಸುಮ್ನೆ ಇರು" ಅಂದೆ.

ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಅವಳ ಕಣ್ಣು ದೊಡ್ಡದಾಯಿತು. ನನ್ನ ಕೈ ಹಿಡಿದೆಳೆದು ಪಕ್ಕೆಲುಬಿನ ಕೆಳಗೆ ಇಟ್ಟುಕೊಂಡಳು. ಒಳಗಿನಿಂದ ಯಾರೋ ಬಾಗಿಲು ತಟ್ಟಿದ ಹಾಗೆ ಒಂದು ಏಟು. ಮತ್ತೊಂದು. ಆಮೇಲೆ ಇಡೀ ಹೊಟ್ಟೆ ಒಂದು ಕಡೆ ವಾಲಿತು.

"ಅಯ್ಯ, ಇದು ಲಾಸ್ಟ್ ಸ್ಟಾಪಿನಾಗ ಇಳಿಯೋ ಗಿರಾಕಿ ಐತ್ರಿ," ಅಂದಳು.

ಬಸ್ಸಿನ ತೂಗಾಟಕ್ಕೆ ಮಗು ತೊಟ್ಟಿಲಲ್ಲಿದ್ದ ಹಾಗೆ ನಿದ್ದೆ ಮಾಡುತ್ತಿದ್ದಿರಬೇಕು. ಆಡಿದ್ದರೂ ಆ ಗಲಾಟೆಯಲ್ಲಿ ಅವಳಿಗೆ ತಿಳಿಯುತ್ತಿರಲಿಲ್ಲ. ಬಸ್ಸು ನಿಂತಾಗ, ಅವಳೂ ಕೂತಾಗ, ಅದರ ಆಟ ಶುರು. ಟೀ ಕುಡಿದು ಬಂದ ಡ್ರೈವರ್‌ಗೆ ಅವಳೇ ಎಲ್ಲ ವಿವರಿಸಿದಳು. ಅವರು ಗಂಭೀರವಾಗಿ ಕೇಳಿಸಿಕೊಂಡರು.

"ಹಂಗಾದ್ರೆ ಇನ್ಮೇಕೆ ನಾನು ಬಂದು ಕೇಳ್ತೀನಿ ಕಣವ್ವ. ಎದ್ದಿತ್ತಾ ಅಂತ. ನೀನು ಹೂಂ ಅಂದ ಮ್ಯಾಲೇ ಗಾಡಿ ಸ್ಟಾರ್ಟು," ಅಂದರು.

ಅವರು ಮಾತಿಗೆ ತಪ್ಪಲಿಲ್ಲ. ಕ್ಲಾಸಿಗೆ ಬಂದಾಗ ಅವಳೇ ಹೇಳುತ್ತಿದ್ದಳು. ಟೀ ಕುಡಿದು ಬಂದವರು ಹತ್ತುವ ಮೊದಲು ಕಿಟಕಿಯ ಹೊರಗಿನಿಂದಲೇ, "ಏನವ್ವ, ಎದ್ದಿತ್ತಾ?" ಎಂದು ಕೇಳುವರಂತೆ. ದಿನಾ ಬರುವ ಪ್ರಯಾಣಿಕರಿಗೂ ಈ ಸಂಗತಿ ಗೊತ್ತಾಗಿ, ಅವರೂ ಕೇಳತೊಡಗಿದರಂತೆ. ಒಂದು ದಿನ ಮಗು ಎದ್ದದ್ದು ತಡವಾಗಿ, ಕಾಲೇಜು ಹುಡುಗಿಯರ ಗುಂಪೊಂದು ಉಸಿರು ಬಿಗಿಹಿಡಿದು ಕೂತಿತ್ತಂತೆ. ಅವಳು ಹೂಂ ಅಂದಾಗ ಇಡೀ ಬಸ್ಸು ಚಪ್ಪಾಳೆ ತಟ್ಟಿತಂತೆ. ನಾಚಿಕೆಯಿಂದ ಸತ್ತೇಹೋದೆ ಎಂದು ಹೇಳುತ್ತಾ ಅವಳು ಖುಷಿಯಿಂದ ನಗುತ್ತಿದ್ದಳು.

ಅಲ್ಲಿಂದ ಮುಂದೆ ನಾನು ಪಾಠದ ರೀತಿ ಬದಲಿಸಿದೆ. ಮೊದಲು ಪ್ರತಿಯೊಬ್ಬಳಿಗೂ ನಿನ್ನ ದಿನ ಹೇಗೆ ನಡೆಯುತ್ತದೆ, ನೀನು ಎಲ್ಲಿ ಕೂರುತ್ತೀ, ಯಾವಾಗ ಸುಮ್ಮನಿರುತ್ತೀ ಎಂದು ಕೇಳುತ್ತಿದ್ದೆ. ಜಯನಗರದ ಸೀರೆ ಅಂಗಡಿಯಲ್ಲಿ ದಿನವಿಡೀ ನಿಲ್ಲುವವಳಿಗೆ ಊಟದ ಬಿಡುವು ಸಿಕ್ಕಿತು. ಅವಿಭಕ್ತ ಕುಟುಂಬದ ಸೊಸೆಯೊಬ್ಬಳಿಗೆ ಏನು ಮಾಡಿದರೂ ಒಂದು ಗಳಿಗೆ ಸಿಗಲಿಲ್ಲ. ಕೊನೆಗೆ ಅವಳ ಮಾವನವರ ಸಂಜೆಯ ಶಿವಪೂಜೆಯ ಹೊತ್ತು ಸಿಕ್ಕಿತು. ಆಗ ಮನೆಯಲ್ಲಿ ಯಾರೂ ಯಾರನ್ನೂ ಕೂಗುವ ಹಾಗಿರಲಿಲ್ಲ.

ಕಂಡಕ್ಟರ್ ಹುಡುಗಿಗೆ ರಜೆ ಶುರುವಾಯಿತು. ಬಸ್ಸು ಬಿಟ್ಟ ಮೇಲೆ ಮಗುವಿನ ರೀತಿಯೂ ಬದಲಾಯಿತು. ಅವಳು ಗಾಬರಿಯಿಂದ ಬಂದಳು. ಡಾಕ್ಟರಮ್ಮ ನೋಡಿ ಎಲ್ಲ ಸರಿಯಿದೆ ಅಂದರು. ಒಂದೆರಡು ದಿನ ಗಮನಿಸು, ಹೊಸ ರೀತಿ ಗೊತ್ತಾಗುತ್ತದೆ, ಆಟ ಕಮ್ಮಿ ಅನ್ನಿಸಿದರೆ ಮಾತ್ರ ಓಡಿ ಬಾ ಅಂದೆ. ಮುಂದಿನ ಶನಿವಾರ ನಗುತ್ತಾ ಬಂದಳು. ಅತ್ತೆ ಮಧ್ಯಾಹ್ನ ಅಡುಗೆ ಮನೆಯಲ್ಲಿ ಜೋಳದ ರೊಟ್ಟಿ ಬಡಿಯಲು ಶುರು ಮಾಡಿದರೆ, ಪಕ್ಕದಲ್ಲಿ ಒರಗಿ ಕೂತ ಇವಳ ಹೊಟ್ಟೆಯಲ್ಲೂ ಶುರುವಂತೆ. ಅಲ್ಲಿ ಪಟ ಪಟ, ಇಲ್ಲಿ ಪಟ ಪಟ.

"ಅಜ್ಜಿ ರೊಟ್ಟಿ ಅಂದ್ರ ಜೀವ ಅದಕ್ಕ," ಅಂದರು ಅತ್ತೆ. ಆ ಹೊತ್ತಿಗೆ ಅವರೂ ಚಾಪೆಯ ಮೇಲೆ ಕೂರುವಷ್ಟು ಪಳಗಿದ್ದರು. ಆದರೂ ನಾನು ಕೊನೆಯ ವಾರಗಳಲ್ಲಿ ಆಟ ನಿಲ್ಲಬಾರದು ಎಂದಾಗ ಮುಖ ಆಚೆ ತಿರುಗಿಸಿ, "ಜಾಗಾ ಸಾಲಂಗಿಲ್ರಿ ಅದಕ್ಕ, ಹೆಂಗ ಆಡ್ತೈತಿ?" ಎಂದು ಪಕ್ಕದವರಿಗೆ ಹೇಳುವುದನ್ನು ಬಿಟ್ಟಿರಲಿಲ್ಲ. "ಆಡೋ ರೀತಿ ಬದಲಾಗಬಹುದು ಅಮ್ಮ, ಆಡೋದು ಕಮ್ಮಿ ಆಗಬಾರದು" ಎಂದು ನಾನು ಪ್ರತಿ ಸಲವೂ ಹೇಳುತ್ತಿದ್ದೆ.

ಒಂದು ಬುಧವಾರ ಮಧ್ಯಾಹ್ನ ಆಸ್ಪತ್ರೆಯ ಫೋನು ಬಡಿಯಿತು. ನಾನೇ ಎತ್ತಿದೆ. ಅವಳ ಧ್ವನಿ ಸಣ್ಣದಾಗಿತ್ತು.

"ಅಕ್ಕಾರ, ಇವತ್ತ ಅತ್ತಿ ರೊಟ್ಟಿ ಬಡಿಯೋದು ಮುಗಿಯಾಕ ಬಂತ್ರಿ. ಇದು ಎದ್ದಿಲ್ಲ."

"ಬೆಳಿಗ್ಗೆ?"

"ಮುಂಜಾನಿ ಸ್ವಲ್ಪ ಮಿಸುಕ್ಯಾಡಿತ್ರಿ. ದಿನದಂಗ ಅಲ್ಲ. ಒಂಚೂರು ತಿಂದು ಎಡಮಗ್ಗಲಿಗೆ ಮಲಕ್ಕೊಂಡು ನೋಡೀನಿ. ಅತ್ತಿ ಬೆಲ್ಲಾ ತಿನ್ನು, ತಣ್ಣೀರು ಕುಡಿ, ಸಂಜೀತನಕ ನೋಡೂಣು ಅಂತಾರ. ನನಗ ಸಮಾಧಾನ ಆಗವಲ್ದು."

"ಈಗಲೇ ಹೊರಟು ಬಾ. ಸಂಜೆವರೆಗೂ ಕಾಯಬೇಡ."

"ಬಂದು ನೋಡಿ ಏನೂ ಇಲ್ಲ ಅಂತಾದ್ರ ಏನ್ರಿ?" ಅಂದಳು.

"ಏನೂ ಇಲ್ಲ ಅಂತಾದ್ರೆ ನನ್ನ ಜೊತೆ ಕಾಫಿ ಕುಡಿದು ಮನೆಗೆ ಹೋಗು."

ಫೋನಿಟ್ಟು ಡಾಕ್ಟರಮ್ಮನಿಗೆ ಹೇಳಿ, ಗೇಟಿನ ಹತ್ತಿರ ಹೋಗಿ ನಿಂತೆ. ಇಟ್ಟಮಡು ಅಲ್ಲೇ ಪಕ್ಕ. ಆದರೂ ಅವರ ಆಟೋ ಬರುವವರೆಗೆ ಎಷ್ಟು ಸಲ ರಸ್ತೆ ಇಣುಕಿದೆನೋ. ಆಟೋದಿಂದ ಅವಳಿಗಿಂತ ಮೊದಲು ಅತ್ತೆ ಇಳಿದರು. ಕೈ ತೊಳೆಯಲೂ ಬಿಡದೆ ಸೊಸೆ ಎಳೆದುಕೊಂಡು ಬಂದಿದ್ದಳು. ಮೊಣಕೈವರೆಗೆ ಜೋಳದ ಹಿಟ್ಟು ಒಣಗಿ ಬೆಳ್ಳಗಾಗಿತ್ತು.

"ಒಲಿ ಆರಿಸಿದ್ನೋ ಇಲ್ಲೋ ನೆನಪಿಲ್ರಿ ಬಾಯಾರ," ಅಂದರು. ಸಿಟ್ಟಿಗಿಂತ ಅಂಜಿಕೆಯೇ ಆ ಮಾತಿನಲ್ಲಿ ಹೆಚ್ಚಿತ್ತು.

ಅವಳನ್ನು ಮಲಗಿಸಿ ಹೊಟ್ಟೆಗೆ ಪಟ್ಟಿ ಕಟ್ಟಿ ಮಷೀನು ಹಚ್ಚಿದೆವು. ಟಕ ಟಕ ಟಕ ಎಂದು ಮಗುವಿನ ಎದೆಬಡಿತ ಕೋಣೆ ತುಂಬಿತು. ಅವಳು ಕಣ್ಣು ಮುಚ್ಚಿಕೊಂಡಳು. ಅತ್ತೆ, "ಏನ್ರಿ ಇದು ಸಪ್ಪಳ?" ಅಂದರು. ನಾನು ಹೇಳಿದೆ. ಅವರು ಹಾಗೇ ಸ್ಟೂಲಿನ ಮೇಲೆ ಕೂತುಬಿಟ್ಟರು.

ಕಾಗದದ ಮೇಲೆ ಬರುತ್ತಿದ್ದ ಗೆರೆಯನ್ನು ಡಾಕ್ಟರಮ್ಮ ಬಹಳ ಹೊತ್ತು ನೋಡಿದರು. ಅವರ ಮುಖ ನೋಡಿಯೇ ನನಗೆ ಅರ್ಥವಾಯಿತು, ಇದು ಕಾಫಿ ಕುಡಿದು ಮನೆಗೆ ಹೋಗುವ ದಿನವಲ್ಲ. ಸ್ಕ್ಯಾನ್ ಮಾಡಿದಾಗ ಮಗುವಿನ ಸುತ್ತಲಿನ ನೀರು ತೀರಾ ಕಮ್ಮಿಯಾಗಿತ್ತು.

"ಮಗು ಈಗ ಚೆನ್ನಾಗಿದೆ," ಅಂದರು ಡಾಕ್ಟರಮ್ಮ. "ತಿಂಗಳೂ ಹತ್ತಿರ ಹತ್ತಿರ ತುಂಬಿದೆ. ಆದ್ರೆ ಇನ್ನು ಒಳಗೆ ಇರೋದು ಅದಕ್ಕೆ ಒಳ್ಳೇದಲ್ಲ. ಇವತ್ತೇ ಆಪರೇಷನ್ ಮಾಡಿ ತೆಗೆದುಬಿಡೋಣ."

"ನಾಳೆ ಬಂದ್ರ?" ಎಂದು ಅತ್ತೆ ಕೇಳಿದರು. "ನಾಳೆ ನಾಡಿದ್ದು ಬೇಡ ಅಮ್ಮ," ಅಂದರು ಡಾಕ್ಟರಮ್ಮ.

ಗಂಡ ಬಿ.ಟಿ.ಎಂ.ನಿಂದ ಬೈಕಿನಲ್ಲಿ ಬಂದ. ಹೆಲ್ಮೆಟ್ ತೆಗೆಯುವುದನ್ನೇ ಮರೆತು ಹೆಂಡತಿಯ ಎದುರು ನಿಂತ. "ಮುಖ ಕಾಣವಲ್ದು, ತೆಗೀರಿ ಅದನ್ನ," ಅಂದಳು ಅವಳು. ಅವನು ತೆಗೆದ. ಅವಳ ಕೈ ಹಿಡಿದುಕೊಂಡು ನಿಂತ. ಟ್ರಾಲಿಯನ್ನು ಆಪರೇಷನ್ ಕೋಣೆಯ ಕಡೆ ತಿರುಗಿಸಿದೆವು. ಅವಳು ಮಲಗಿದಲ್ಲಿಂದಲೇ ಟ್ರಾಲಿಯ ಕಂಬಿಯನ್ನು ಎರಡು ಸಲ ತಟ್ಟಿ, "ರೈಟ್, ರೈಟ್," ಅಂದಳು. ಟ್ರಾಲಿ ತಳ್ಳುತ್ತಿದ್ದ ಆಯಾಗೆ ನಗು ತಡೆಯಲಾಗಲಿಲ್ಲ.

ಇನ್ನೂ ಬೆಳಕಿರುವಾಗಲೇ ಹೆಣ್ಣುಮಗು ಹುಟ್ಟಿತು. ಸ್ವಲ್ಪ ಸಣ್ಣ ಮಗು. ಧ್ವನಿ ಮಾತ್ರ ಇಡೀ ಆಸ್ಪತ್ರೆಗೆ ಕೇಳಿಸಿತು. "ಇವಳು ವಿಷಲ್ ಇಲ್ಲದೇನೇ ಬಸ್ ನಿಲ್ಲಿಸ್ತಾಳೆ," ಎಂದರು ಡಾಕ್ಟರಮ್ಮ. ಬಟ್ಟೆಯಲ್ಲಿ ಸುತ್ತಿ ಹೊರಗೆ ತಂದು ತೋರಿಸಿದೆ. ಅಪ್ಪ ಅತ್ತುಬಿಟ್ಟ. ಅಜ್ಜಿ ಮಗುವನ್ನು ಮುಟ್ಟಲು ಕೈ ಚಾಚಿ, ಹಿಟ್ಟಿನ ಕೈ ನೋಡಿಕೊಂಡು ಹಿಂದೆ ತೆಗೆದರು.

ಆಮೇಲೆ ನಾನು ಹೊರಗೆ ಬಂದಾಗ ಅವರೊಬ್ಬರೇ ಬೆಂಚಿನ ಮೇಲೆ ಕೂತಿದ್ದರು. ಕೈ ತೊಳೆದುಕೊಂಡು ಬಂದಿದ್ದರು. ಪಕ್ಕದಲ್ಲಿ ಕೂತೆ.

"ಬಾಯಾರ, ನಾ ನಾಕು ಹಡದೀನಿ ಅಂದಿದ್ದೆ," ಅಂದರು. "ಐದು ಹಡದೀನಿ. ಎರಡನೇದು ಉಳೀಲಿಲ್ಲ. ಹುಟ್ಟೋಕಿಂತ ಮೊದಲ ಎರಡು ದಿನಾ ಹೊಟ್ಟ್ಯಾಗ ಸುಮ್ನ ಇತ್ತು. ನನಗ ಗೊತ್ತಾಗಿತ್ತು. ಯಾರಿಗೂ ಹೇಳ್ಲಿಲ್ಲ. ಯಾರಿಗರ ಹೇಳೋ ಮಾತು ಅದು ಅಂತನೂ ಗೊತ್ತಿರ್ಲಿಲ್ಲ ನೋಡ್ರಿ."

ಅವರ ಕೈ ಹಿಡಿದುಕೊಂಡೆ. ತೊಳೆದ ಕೈ ತಣ್ಣಗಿತ್ತು. ಸೆರಗಿನಿಂದ ಮುಖ ಒರೆಸಿಕೊಂಡು ಅವರೇ ಎದ್ದರು. "ನಡೀರಿ, ಮೊಮ್ಮಗಳನ್ನ ಎತ್ಕೋತೀನಿ," ಅಂದರು.

ಬಾಣಂತನ ಮುಗಿಯುವವರೆಗೆ ಅವರು ಬರುವುದಿಲ್ಲ ಅಂದುಕೊಂಡಿದ್ದೆ. ಆದರೆ ಕೆಲವೇ ವಾರಗಳಲ್ಲಿ, ಮಧ್ಯಾಹ್ನದ ಹೊತ್ತು ಮಗ ಮನೆಯಲ್ಲಿರುವ ಶನಿವಾರಗಳಂದು, ಒಬ್ಬರೇ ನಡೆದುಕೊಂಡು ನಮ್ಮ ಕ್ಲಾಸಿಗೆ ಬರತೊಡಗಿದರು. ಹಿಂದುಗಡೆ ಕುರ್ಚಿ ಹಾಕಿಕೊಂಡು ಕೂರುವರು. ಯಾರದಾದರೂ ಅಮ್ಮನೋ ಅತ್ತೆಯೋ, ಇದನ್ನೆಲ್ಲ ಹೇಳಿಕೊಡಬೇಕಾ ಎಂದು ಗೊಣಗಿದರೆ ನಾನು ಬಾಯಿ ಬಿಡುವ ಅಗತ್ಯವೇ ಇರುತ್ತಿರಲಿಲ್ಲ.

"ಗೊತ್ತಾಗೋದು ಎಲ್ಲಾರಿಗೂ ಗೊತ್ತಾಗ್ತೈತ್ರಿ," ಎನ್ನುವರು ಹಿಂದಿನಿಂದ. "ಹೇಳಾಕ ಒಬ್ರು ಬೇಕು. ಇಲ್ಲಿ ಅದಾರ. ಹೇಳಾಕ ಏನು ತ್ರಾಸು ನಿಮಗ?"

ಬೆಂಗಳೂರಿನ ಆಂಟಿಯರು ಅವರ ಮಾತಿನ ಬಿರುಸಿಗೆ ಮೊದಲು ಬೆಚ್ಚುತ್ತಿದ್ದರು. ಆಮೇಲೆ ಕ್ಲಾಸು ಮುಗಿದರೂ ಅವರನ್ನೇ ಸುತ್ತುವರಿದು, ಶೇಂಗಾ ಚಟ್ನಿ ಮಾಡುವುದು ಹೇಗೆ, ಮಗುವಿಗೆ ಎಣ್ಣೆ ನೀವುವುದು ಹೇಗೆ ಎಂದು ಕೇಳುತ್ತಾ ನಿಲ್ಲುವರು. ಆ್ಯಪಿನ ಹುಡುಗಿ ಗಂಡುಮಗುವಿನ ತಾಯಿಯಾಗಿ ಮನೆಗೆ ಹೋಗುವ ದಿನ ಅವರ ಫೋಟೋ ತೆಗೆದುಕೊಂಡು ಹೋದಳು.

ಅವರು ಊರಿಗೆ ಹೊರಡುವ ಮೊದಲಿನ ಶನಿವಾರ ಸೊಸೆಯೂ ಬಂದಳು. ಮಗುವಿಗೆ ಆಗ ಮೂರು ತಿಂಗಳು ತುಂಬಿತ್ತು. ಚಾಪೆಯ ನಡುವೆ ಬಟ್ಟೆ ಹಾಸಿ ಮಲಗಿಸಿದರು. ನನ್ನ ಪಾಠ ಯಾರಿಗೂ ಬೇಕಾಗಲಿಲ್ಲ. ಗರ್ಭಿಣಿಯರೆಲ್ಲ ಸುತ್ತ ಕೂತು ಅದನ್ನೇ ನೋಡುತ್ತಿದ್ದರು. ಮಗು ಒಂದು ಕಾಲು ಎತ್ತಿ ಇಳಿಸಿತು. ಆಮೇಲೆ ಎರಡೂ ಕಾಲು ಮಡಚಿ, ಗಾಳಿಗೆ ಜೋರಾಗಿ ಒದ್ದು, ಮೈ ಓರೆ ಮಾಡಿ, ದಣಿದು ಸುಮ್ಮನಾಯಿತು. ಒಂದಿಷ್ಟು ಹೊತ್ತು ಬಿಟ್ಟು ಮತ್ತೆ ಶುರು ಮಾಡಿತು.

ಮೊದಲ ಸಲ ಬಂದಿದ್ದ ಒಬ್ಬ ಹುಡುಗಿ ತನ್ನ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು, "ಒಳಗೂ ಹೀಗೇನಾ ಮಾಡ್ತಿರೋದು?" ಎಂದು ಮೆಲ್ಲಗೆ ಕೇಳಿದಳು.

"ಹಿಂಗ ಮಾಡ್ತೈತವ್ವ," ಅಂದರು ಅಜ್ಜಿ. "ಹೊರಗ ಬಂದ್ ಮ್ಯಾಲ ಒಂದು ಕಾಲಚೀಲಾನೂ ನಿಲ್ಲಂಗಿಲ್ಲ ನೋಡು."

ಒಂದು ಕಾಲಚೀಲ ಆಗಲೇ ಹಾರಿ ನನ್ನ ಪಾದದ ಹತ್ತಿರ ಬಿದ್ದಿತ್ತು. ಅದನ್ನೆತ್ತಿ ಮಗುವಿನ ಕಾಲಿಗೆ ತೊಡಿಸಿ, ಆ ಹುಡುಗಿಯ ಪಕ್ಕ ಕೂತು, ನಿನ್ನ ದಿನ ಹೇಗೆ ನಡೆಯುತ್ತೆ ಹೇಳಮ್ಮ ಎಂದೆ.